ಮನೆಯ ಈಜುಕೊಳ: ತಳ ಕಾಣದ ನೀರು

ಕಳೆದ ಬೇಸಿಗೆಯ ಒಂದು ಭಾನುವಾರ ಸಂಜೆ ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ತಾಯಿಯ ತೋಳಿನಲ್ಲಿ ಟವೆಲಿನಲ್ಲಿ ಸುತ್ತಿದ್ದ ಆರು ವರ್ಷದ ಹುಡುಗಿ. ಬಿಡದೆ ಕೆಮ್ಮುತ್ತಿದ್ದಳು, ತುಟಿ ಮಂಕಾಗಿತ್ತು, ಕಣ್ಣು ಕೆಂಡದಂತೆ ಕೆಂಪಾಗಿತ್ತು. ಹಿಂದೆಯೇ ಒದ್ದೆ ಪಂಚೆಯಲ್ಲಿ ಅಜ್ಜ. ದೊಡ್ಡಬಳ್ಳಾಪುರದ ಕಡೆಗಿನ ಅವರ ತೋಟದ ಮನೆಯಲ್ಲಿ ಮೊಮ್ಮಕ್ಕಳಿಗೆಂದು ಒಂದು ಪುಟ್ಟ ಈಜುಕೊಳ ಕಟ್ಟಿಸಿದ್ದರು. ಮಕ್ಕಳು ಮೆಟ್ಟಿಲ ಮೇಲೆ ಕುಳಿತು ಆಡುತ್ತಿದ್ದರಂತೆ. ತಾಯಿ ಚಿಕ್ಕ ಮಗನ ಕಡೆ ತಿರುಗಿ ಅವನ ಮೂಗು ಒರೆಸಿ ಮತ್ತೆ ಇತ್ತ ನೋಡಿದರೆ ಹುಡುಗಿ ಇಲ್ಲ. ಕೂಗು ಇಲ್ಲ, ನೀರು ಬಡಿದ ಸದ್ದೂ ಇಲ್ಲ.

ಕೊಳದ ಆಳ ಅಲ್ಲಿ ನಾಲ್ಕೇ ಅಡಿ. ನೀರು ತಿಳಿಯಾಗಿದ್ದರೆ ಒಂದೇ ನೋಟಕ್ಕೆ ಮಗು ಕಾಣುತ್ತಿತ್ತು. ಆದರೆ ಮೂರು ದಿನದಿಂದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಅಜ್ಜ ಧುಮುಕಿ ಕಾಲಿನಿಂದ ತಡಕಾಡಿದರು. ಕಾಲಿಗೆ ಮಗು ತಾಗಿತು. ಅಷ್ಟರಲ್ಲಿ ಅರ್ಧ ನಿಮಿಷವಾದರೂ ಕಳೆದಿರಬೇಕು.

ಮಗುವಿನ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಶೇಕಡಾ 93 ಇತ್ತು. ಆಮ್ಲಜನಕ ಕೊಟ್ಟು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕಳುಹಿಸಿದೆ. ಒಂದು ರಾತ್ರಿ ಅಲ್ಲಿದ್ದು ಮರುದಿನ ಸಂಜೆ ನಗುತ್ತಾ ಮನೆಗೆ ಹೋದಳು. ಆದರೆ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹತ್ತು ದಿನದ ಹಿಂದೆ ಅದೇ ಮನೆಯ ಹಿರಿಯ ಹುಡುಗನನ್ನು ಕಿವಿನೋವು, ಕಣ್ಣುರಿ ಎಂದು ನನ್ನಲ್ಲಿಗೇ ಕರೆತಂದಿದ್ದರು. ಕಿವಿಗೆ ಹನಿ, ಕಣ್ಣಿಗೆ ಹನಿ ಬರೆದುಕೊಟ್ಟು ‘ನಾಲ್ಕು ದಿನ ಈಜು ಬೇಡ’ ಎಂದು ಹೇಳಿ ಕಳುಹಿಸಿದ್ದೆ. ‘ನಿಮ್ಮ ಕೊಳದ ನೀರು ಹೇಗಿದೆ?’ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಭೇದಿಯಾದ ರೋಗಿಗೆ ಕುಡಿಯುವ ನೀರು ಎಲ್ಲಿಯದು ಎಂದು ಕೇಳುವುದನ್ನು ಯಾವ ವೈದ್ಯನೂ ಮರೆಯುವುದಿಲ್ಲ. ಇದನ್ನು ಮರೆತಿದ್ದೆ.

ಮುಂದಿನ ಭಾನುವಾರ ನಾನೇ ತೋಟಕ್ಕೆ ಹೋದೆ. ನಾನು ಈಜುಕೊಳದ ಮೇಸ್ತ್ರಿಯಲ್ಲ, ನಿಜ. ಆದರೆ ನೀರನ್ನು ಶುದ್ಧಗೊಳಿಸುವ ವಿದ್ಯೆ ವೈದ್ಯ ವಿದ್ಯಾರ್ಥಿಗಳ ಪಾಠದಲ್ಲೇ ಇದೆ. ಬಾವಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು, ಹೇಗೆ ಹಾಕಬೇಕು ಎಂಬುದನ್ನು ಪರೀಕ್ಷೆಯಲ್ಲಿ ಕೇಳದ ವರ್ಷವೇ ಇರುತ್ತಿರಲಿಲ್ಲ. ಈಗ ಬೆಂಗಳೂರಿನ ಸುತ್ತಮುತ್ತಲ ತೋಟದ ಮನೆಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳ ಅಪರೂಪದ ವಸ್ತುವಲ್ಲ. ದೊಡ್ಡ ಸಂಸ್ಥೆಗಳ ಕೊಳಕ್ಕೆ ತರಬೇತಾದ ಜನ ಇರುತ್ತಾರೆ. ಮನೆಯ ಕೊಳಕ್ಕೆ ಅಂಗಡಿಯವನ ಸಲಹೆ, ತೋಟದ ಆಳಿನ ಕೈ, ಇಷ್ಟೇ. ಹಾಗಾಗಿ ಈ ವಾರ ಈ ವಿಷಯವನ್ನೇ ಬರೆಯುತ್ತಿದ್ದೇನೆ.

ನೀರು ಏಕೆ ಮಸುಕಾಗುತ್ತದೆ?

ಜ್ವರ ಎಂದೊಡನೆ ಮಾತ್ರೆ ನುಂಗುವವರ ಹಾಗೆ, ನೀರು ಮಸುಕಾದೊಡನೆ ಇನ್ನಷ್ಟು ಪುಡಿ ಸುರಿಯುವುದು ಎಲ್ಲರ ಅಭ್ಯಾಸ. ಜ್ವರಕ್ಕಿರುವಂತೆ ಇದಕ್ಕೂ ಹಲವು ಕಾರಣಗಳಿವೆ, ಒಂದಕ್ಕೆ ಮಾಡುವ ಮದ್ದು ಇನ್ನೊಂದನ್ನು ಹೆಚ್ಚಿಸುತ್ತದೆ.

ಬಣ್ಣ ನೋಡಿಯೇ ಅರ್ಧ ರೋಗ ಹೇಳಬಹುದು. ನೀರು ಹಸಿರಿಗೆ ತಿರುಗಿ ಗೋಡೆ ಮುಟ್ಟಿದರೆ ಜಾರುತ್ತಿದ್ದರೆ ಅದು ಪಾಚಿ. ಕ್ಲೋರಿನ್ ಸಾಲದು ಎಂದರ್ಥ. ಚಹಾದ ಡಿಕಾಕ್ಷನ್ನಿನ ಬಣ್ಣವಾದರೆ, ಅದರಲ್ಲೂ ಕ್ಲೋರಿನ್ ಹಾಕಿದ ಮೇಲೆ ಹಾಗಾದರೆ, ಕೊಳವೆ ಬಾವಿಯ ನೀರಿನಲ್ಲಿರುವ ಕಬ್ಬಿಣ. ಹಾಲು ಬೆರೆಸಿದಂತೆ ಬೆಳ್ಳಗಾದರೆ ಸಾಮಾನ್ಯವಾಗಿ ಸುಣ್ಣ. ಬೂದು ಬಣ್ಣದ ಮಂದ ಮಸುಕು, ಜೊತೆಗೆ ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆಯ ಜಿಡ್ಡು. ಕೊಳಕ್ಕೆ ಇಳಿದ ಜನ ಹೆಚ್ಚು, ಶೋಧಕ ಓಡಿದ್ದು ಕಡಿಮೆ.

ಸುಣ್ಣವೋ ಅಲ್ಲವೋ ಎಂದು ತಿಳಿಯಲು ಅಡುಗೆಮನೆಯ ಪರೀಕ್ಷೆ ಸಾಕು. ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತೆಗೆದುಕೊಂಡು ಸ್ವಲ್ಪ ವಿನೆಗರ್ ಅಥವಾ ಸೋಸಿದ ನಿಂಬೆರಸ ಹಾಕಿ. ಮಸುಕು ಕರಗಿ ನೀರು ತಿಳಿಯಾದರೆ ಅದು ಸುಣ್ಣದ ಕಾರ್ಬೊನೇಟ್. ತೋಟದಲ್ಲಿ ನಾನು ಮಾಡಿದ್ದು ಇದನ್ನೇ. ನಿಂಬೆಹಣ್ಣು ಹಿಂಡಿದ ಒಂದೆರಡು ನಿಮಿಷದಲ್ಲಿ ಲೋಟದ ಆಚೆಗಿನ ಬೆರಳು ಕಂಡಿತು. ಅಜ್ಜ ನನ್ನನ್ನು ಮಂತ್ರವಾದಿಯ ಹಾಗೆ ನೋಡಿದರು.

ವಿಚಾರಿಸಿದಾಗ ಕಥೆ ಬಿಚ್ಚಿಕೊಂಡಿತು. ನೀರು ಕೊಳವೆ ಬಾವಿಯದು. ಬೇಳೆ ಬೇಯದ, ಸೋಪು ನೊರೆ ಬಾರದ ಗಡಸು ನೀರು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ಬ್ಲೀಚಿಂಗ್ ಪುಡಿಯನ್ನು ಚೀಲದಿಂದಲೇ ನೇರವಾಗಿ ಕೊಳಕ್ಕೆ ಎರಚುತ್ತಿದ್ದರು. ಮಕ್ಕಳ ಕಣ್ಣು ಉರಿಯಿತು. ಆಮ್ಲ ಹೆಚ್ಚಾಗಿರಬೇಕು ಎಂದು ಯಾರೋ ಹೇಳಿದರೆಂದು ವಾಷಿಂಗ್ ಸೋಡಾ ಸುರಿದರು. ಗಡಸು ನೀರಿಗೆ ಸೋಡಾ ಬಿದ್ದರೆ ನೀರಿನಲ್ಲಿ ಕರಗಿದ್ದ ಸುಣ್ಣವೆಲ್ಲ ಹೊರಬಂದು ಹಾಲಾಗುತ್ತದೆ. ನೀರು ಬೆಳ್ಳಗಾದದ್ದನ್ನು ಕಂಡು ‘ಕ್ರಿಮಿ ಹೆಚ್ಚಾಗಿದೆ’ ಎಂದು ಮತ್ತೆ ಬ್ಲೀಚಿಂಗ್ ಪುಡಿ. ಹೀಗೆ ಸುತ್ತು ತಿರುಗಿತ್ತು.

ಬ್ಲೀಚಿಂಗ್ ಪುಡಿಯಲ್ಲಿ ಸೋಂಕು ಕೊಲ್ಲುವ ಕ್ಲೋರಿನ್ ಇರುವುದು ಹೊಸ ಪುಡಿಯಲ್ಲಿ ಶೇಕಡಾ 33ರಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಸುಣ್ಣ. ಹಳ್ಳಿಯ ಬಾವಿಗೆ ಹಾಕುವಾಗ ಆರೋಗ್ಯ ಕಾರ್ಯಕರ್ತರು ಅದನ್ನು ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ತಳದಲ್ಲಿ ನಿಂತ ಸುಣ್ಣವನ್ನು ಅಲ್ಲೇ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡುತ್ತಾರೆ. ಈಜುಕೊಳಕ್ಕೂ ಅದೇ ಕ್ರಮ. ಚೀಲ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗಿ ಉಳಿಯುವುದು ಸುಣ್ಣ ಮಾತ್ರ. ಅಂತಹ ಪುಡಿ ಎರಚಿದರೆ ಕೊಳಕ್ಕೆ ಸುಣ್ಣ ಬಳಿದಂತೆ ಆಗುತ್ತದೆ.

ಪಿಎಚ್ ಎಂಬ ಅಂಕಿ

ಕೊಳದ ನೀರಿನ ವಿಚಾರದಲ್ಲಿ ಒಂದೇ ಒಂದು ಅಂಕಿ ನೆನಪಿಡಿ ಎಂದರೆ ನಾನು ಪಿಎಚ್ ಎನ್ನುತ್ತೇನೆ. ನೀರು ಆಮ್ಲದ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂದು ತೋರಿಸುವ ಅಳತೆ ಇದು. 7 ನಡುಮಧ್ಯ. ನಮ್ಮ ಕಣ್ಣೀರಿನದು ಸುಮಾರು 7.4. ಈಜುಕೊಳದ ನೀರು 7.2ರಿಂದ 7.8ರೊಳಗೆ ಇರಬೇಕು.

ಇದು ಬರೀ ಕಣ್ಣಿನ ಹಿತಕ್ಕಲ್ಲ. ಕ್ಲೋರಿನ್ ನೀರಿಗೆ ಬಿದ್ದಾಗ ಎರಡು ರೂಪ ತಾಳುತ್ತದೆ. ಒಂದು ರೂಪ ರೋಗಾಣುಗಳನ್ನು ಬೇಗ ಕೊಲ್ಲುವ ಚುರುಕಿನದು, ಇನ್ನೊಂದು ಬಹಳ ಮಂದಗತಿಯದು. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಚುರುಕು ಕ್ಲೋರಿನ್. 7.5ರಲ್ಲಿ ಅರ್ಧ. 8ಕ್ಕೆ ಏರಿದರೆ ಕಾಲು ಪಾಲೂ ಸರಿಯಾಗಿ ಇಲ್ಲ. ತೋಟದ ಕೊಳದ ಪಿಎಚ್ 8.4 ಇತ್ತು. ಅಂದರೆ ಹಾಕಿದ ಕ್ಲೋರಿನ್ನಿನಲ್ಲಿ ಹತ್ತರಲ್ಲಿ ಒಂದು ಪಾಲಷ್ಟೇ ಕೆಲಸ ಮಾಡುತ್ತಿತ್ತು. ಚೀಲಗಟ್ಟಲೆ ಪುಡಿ ಸುರಿದೂ ಆ ನೀರಿನಲ್ಲಿ ಹುಡುಗನ ಕಿವಿ ಹುಣ್ಣಾದದ್ದು ಹೀಗೆ.

ಇನ್ನೊಂದು ಮಾತು. ‘ಕ್ಲೋರಿನ್ ವಾಸನೆ ಘಮ್ಮೆನ್ನುತ್ತಿದೆ, ನೀರು ಶುದ್ಧವಾಗಿದೆ’ ಎಂದು ಹೇಳುವವರಿದ್ದಾರೆ. ಇದು ತಲೆಕೆಳಗಾದ ತಿಳಿವಳಿಕೆ. ಸರಿಯಾಗಿ ನೋಡಿಕೊಂಡ ಕೊಳಕ್ಕೆ ಅಂತಹ ವಾಸನೆ ಇರುವುದೇ ಇಲ್ಲ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನ್ ಎಂಬ ವಸ್ತುವಿನ ವಾಸನೆ ಅದು. ಕಣ್ಣು ಕೆಂಪಾಗುವುದು, ಗಂಟಲು ಕೆರೆಯುವುದು, ಆಸ್ತಮಾ ಇರುವ ಮಕ್ಕಳಿಗೆ ಉಬ್ಬಸ ಬರುವುದು ಬಹುಮಟ್ಟಿಗೆ ಇದರಿಂದಲೇ. ಕೊಳಕ್ಕೆ ಇಳಿಯುವ ಮುನ್ನ ಒಂದು ನಿಮಿಷ ಮೈಗೆ ನೀರು ಹುಯ್ದುಕೊಳ್ಳುವುದು, ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕಳುಹಿಸುವುದು, ಈ ಎರಡು ಕೆಲಸ ಮಾಡಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಹೇಳಲು ಸಂಕೋಚ, ಆದರೆ ಕೊಳದಲ್ಲಿ ಮೂತ್ರ ಮಾಡುವವರು ಮಕ್ಕಳು ಮಾತ್ರ ಅಲ್ಲ.

ಪರೀಕ್ಷಿಸುವುದು ಹೇಗೆ?

ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ, ಹನಿ ಹಾಕಿದರೆ ಹಳದಿ ಬಣ್ಣ ಬರುವ ಪೆಟ್ಟಿಗೆ ಒಟ್ಟು ಕ್ಲೋರಿನ್ನನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ಕೆಲಸಕ್ಕೆ ಬಾರದ ಕ್ಲೋರಮೈನೂ ಸೇರಿರುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆಯನ್ನು ಕೇಳಿ ಪಡೆಯಿರಿ. ಅದು ಸ್ವತಂತ್ರ ಕ್ಲೋರಿನ್ನನ್ನು ಬೇರೆಯಾಗಿ ತೋರಿಸುತ್ತದೆ. ಅದು ಮನೆಯ ಕೊಳದಲ್ಲಿ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಒಟ್ಟು ಕ್ಲೋರಿನ್ನಿಗೂ ಸ್ವತಂತ್ರ ಕ್ಲೋರಿನ್ನಿಗೂ 0.4ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕ್ಲೋರಮೈನ್ ಕೂಡಿಕೊಂಡಿದೆ ಎಂದು ತಿಳಿಯಬೇಕು.

ಇಲ್ಲೊಂದು ಮೋಸ ಇದೆ. ಕ್ಲೋರಿನ್ ವಿಪರೀತ ಹೆಚ್ಚಾದರೆ ಅದು ಗುಲಾಬಿ ಬಣ್ಣವನ್ನೇ ಬಿಳುಪಾಗಿಸುತ್ತದೆ. ಪರೀಕ್ಷೆ ‘ಏನೂ ಇಲ್ಲ’ ಎನ್ನುತ್ತದೆ, ಮನೆಯಾತ ಇನ್ನಷ್ಟು ಸುರಿಯುತ್ತಾನೆ. ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಕೊಳದ ನೀರಿಗೆ ಅಷ್ಟೇ ಶುದ್ಧ ನೀರು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಮೂರನೆಯದು ಕ್ಷಾರತೆ, 80ರಿಂದ 120 ಪಿಪಿಎಂ ಇದ್ದರೆ ಪಿಎಚ್ ಸ್ಥಿರವಾಗಿ ನಿಲ್ಲುತ್ತದೆ. ಕಡಿಮೆಯಾದರೆ ಅಡುಗೆ ಸೋಡಾ ಸಾಕು, ವಾಷಿಂಗ್ ಸೋಡಾ ಬೇಡ. ಗಡಸುತನ 200ರಿಂದ 400. ನಮ್ಮ ಬಯಲುಸೀಮೆಯ ಕೊಳವೆ ಬಾವಿ ನೀರು ಹಲವೆಡೆ ಕೊಳಕ್ಕೆ ಬೀಳುವ ಮೊದಲೇ ಈ ಗಡಿ ದಾಟಿರುತ್ತದೆ. ಇಂತಹ ನೀರಿರುವವರು ಪಿಎಚ್ ಅನ್ನು 7.2ರಿಂದ 7.4ರ ಸುತ್ತ ಇಟ್ಟುಕೊಂಡರೆ ಸುಣ್ಣ ಕರಗಿಯೇ ಇರುತ್ತದೆ.

ಲೆಕ್ಕ ಬಹಳ ಸುಲಭ. ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ ಸಾವಿರದಿಂದ ಗುಣಿಸಿದರೆ ಲೀಟರು. ತೋಟದ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ. ಒಟ್ಟು 40,000 ಲೀಟರ್. ಇದರಲ್ಲಿ ಕ್ಲೋರಿನ್ನನ್ನು 1 ಪಿಪಿಎಂ ಏರಿಸಲು ಬೇಕಾದ್ದು 40 ಗ್ರಾಂ ಕ್ಲೋರಿನ್, ಅಂದರೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 120 ಗ್ರಾಂ. ಅವರು ಹಾಕುತ್ತಿದ್ದುದು ಒಂದು ಸಲಕ್ಕೆ ಎರಡು ಕಿಲೋ!

ಕ್ಲೋರಿನ್ ಹಾಕಲು ಸಂಜೆಯೇ ಸರಿಯಾದ ಹೊತ್ತು. ನಮ್ಮ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ಕ್ಲೋರಿನ್ನಿನ ಬಹುಪಾಲು ಮಧ್ಯಾಹ್ನದ ಊಟದ ಹೊತ್ತಿಗೆ ಉಳಿದಿರುವುದಿಲ್ಲ. ಬಿಸಿಲಿನಿಂದ ರಕ್ಷಿಸಲೆಂದು ಸಯನೂರಿಕ್ ಆಮ್ಲ ಬೆರೆತ ಬಿಲ್ಲೆಗಳು ಬಂದಿವೆ. ಅನುಕೂಲ ಹೌದು. ಆದರೆ ಕ್ಲೋರಿನ್ ಖರ್ಚಾಗಿ ಹೋದರೂ ಈ ಆಮ್ಲ ನೀರಿನಲ್ಲೇ ಉಳಿಯುತ್ತದೆ. ಬಿಲ್ಲೆಯಿಂದ ಬರುವ ಪ್ರತಿ 10 ಪಿಪಿಎಂ ಕ್ಲೋರಿನ್ನಿಗೆ 6 ಪಿಪಿಎಂ ಇದೂ ಸೇರುತ್ತದೆ. ದಿನಕ್ಕೆ 1 ಪಿಪಿಎಂ ಲೆಕ್ಕದಲ್ಲಿ ಹಾಕಿದರೆ ಮೂರು ತಿಂಗಳಲ್ಲಿ 50 ದಾಟುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಕ್ಲೋರಿನ್ ಇದ್ದೂ ಇಲ್ಲದಂತಾಗುತ್ತದೆ. ಮನೆಯ ಮಟ್ಟಿಗೆ ಇದಕ್ಕೆ ಇರುವ ಮದ್ದು ಒಂದಷ್ಟು ನೀರು ಹೊರಚೆಲ್ಲಿ ಹೊಸ ನೀರು ತುಂಬುವುದೇ. ಅದು ಎಷ್ಟು ಸುಲಭ? 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದನ್ನು ನಾವು ಕಂಡಿದ್ದೇವೆ. ಹೊಸ ನೀರು ತುಂಬುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಜಾಣತನ.

ತಿಳಿಯಾಗಿಸಿದ ಬಗೆ

ಮೊದಲು ನೋಡಿದ್ದು ಶೋಧಕ. ಮರಳಿನ ಶೋಧಕದ ಮೇಲೊಂದು ಒತ್ತಡಮಾಪಕ ಇರುತ್ತದೆ. ಶುದ್ಧವಾಗಿದ್ದಾಗ ತೋರುವ ಅಂಕಿಗಿಂತ 8ರಿಂದ 10 ಏರಿದರೆ ಹಿಮ್ಮುಖವಾಗಿ ನೀರು ಹಾಯಿಸಿ ಮರಳನ್ನು ತೊಳೆಯಬೇಕು. ಇಲ್ಲಿ 10 ಇರಬೇಕಾದ್ದು 24 ಇತ್ತು. ಸಂಕ್ರಾಂತಿಯಿಂದ ಯಾರೂ ತೊಳೆದಿರಲಿಲ್ಲ. ವಿದ್ಯುತ್ ಉಳಿಸಲೆಂದು ಪಂಪನ್ನು ದಿನಕ್ಕೆ ಎರಡು ಗಂಟೆ ಓಡಿಸುತ್ತಿದ್ದರು. ಮನೆಯ ಕೊಳದ ನೀರೆಲ್ಲ ಒಮ್ಮೆ ಶೋಧಕದ ಮೂಲಕ ಹಾಯಲು ಆರರಿಂದ ಎಂಟು ಗಂಟೆ ಬೇಕು. ಶೋಧಕ ಕೆಲಸ ಮಾಡದೆ ಯಾವ ರಾಸಾಯನಿಕ ಹಾಕಿದರೂ ಅದು ಮಲಬದ್ಧತೆ ಇದ್ದವನಿಗೆ ಹಸಿವಿನ ಔಷಧ ಕೊಟ್ಟಂತೆ.

ಶೋಧಕ ತೊಳೆದ ಮೇಲೆ ಪಿಎಚ್. ಅದನ್ನು ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. ಬಚ್ಚಲು ತೊಳೆಯುವ ಬಣ್ಣದ ಆಸಿಡ್ ಬೇಡ. ಅದರ ಶಕ್ತಿ ಎಷ್ಟು, ಕಲಬೆರಕೆ ಏನು ಎಂದು ತಿಳಿಯದು. ಇಷ್ಟು ನೀರಿಗೆ ಒಂದು ಸಲಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಕದೆ, ಮೊದಲು ಬಕೆಟ್ ನೀರಿಗೆ ಬೆರೆಸಿ, ಪಂಪ್ ಓಡುತ್ತಿರುವಾಗ ಆಳದ ಕಡೆ ನಿಧಾನವಾಗಿ ಬಿಟ್ಟು, ನಾಲ್ಕು ಗಂಟೆ ಕಾದು ಮತ್ತೆ ಅಳೆದೆವು. 7.4ಕ್ಕೆ ಬರಲು ಎರಡು ದಿನ ಬೇಕಾಯಿತು.

ಆಮೇಲೆ ಉಳಿದ ಕದಡಿಗೆ ಪಟಿಕ. ಹಿಂದೆ ಹೊಳೆಯ ಕೆಂಪು ನೀರನ್ನು ತಿಳಿ ಮಾಡಲು ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರಲ್ಲ, ತತ್ವ ಅದೇ. ಕಣ್ಣಿಗೆ ಕಾಣದ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಸಾವಿರ ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಎರಡು ಕಿಲೋ ಪಟಿಕ ಕರಗಿಸಿ ಕೊಳದ ತುಂಬ ಹರಡಿ, ಶೋಧಕವನ್ನು ತಪ್ಪಿಸಿ ಒಂದು ಗಂಟೆ ನೀರು ಸುತ್ತಿಸಿ, ರಾತ್ರಿಯಿಡೀ ಎಲ್ಲವನ್ನೂ ನಿಲ್ಲಿಸಿದರು. ಬೆಳಿಗ್ಗೆ ತಳದಲ್ಲಿ ಬೂದಿಯಂತಹ ಪದರ ಕೂತಿತ್ತು. ಅದನ್ನು ಕೊಳವೆಯಿಂದ ಮೆಲ್ಲಗೆ ಹೀರಿ ಹೊರಕ್ಕೇ ಬಿಡಬೇಕು. ಶೋಧಕಕ್ಕೆ ಹಾಯಿಸಿದರೆ ಮರಳು ಗಟ್ಟಿಯಾಗಿ ಹೋಗುತ್ತದೆ. ನಾಲ್ಕನೆಯ ದಿನ ಅಜ್ಜ ಫೋನ್ ಮಾಡಿ, ತಳದಲ್ಲಿ ಬಿದ್ದಿದ್ದ ಸೊಸೆಯ ಕಾಲುಂಗುರ ಸಿಕ್ಕಿತು ಎಂದರು.

ಮಲೆನಾಡಿನ ಓದುಗರಿಗೆ ಒಂದು ಮಾತು. ಅಡಿಕೆ, ಕಾಫಿ ತೋಟದ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಇದ್ದೇ ಇರುತ್ತದೆ. ಪಾಚಿಗೆ ಒಳ್ಳೆಯದೆಂದು ಅದನ್ನು ಕೊಳಕ್ಕೆ ಅಂದಾಜಿನಲ್ಲಿ ಎಸೆಯಬೇಡಿ. ತಾಮ್ರ ನೀರಿನಲ್ಲೇ ಉಳಿಯುತ್ತದೆ, ಗೋಡೆಗೆ ಕಲೆ ಕಟ್ಟುತ್ತದೆ, ಬೆಳ್ಳಗಿನ ಕೂದಲಿಗೆ ಹಸಿರು ಛಾಯೆ ಬರುತ್ತದೆ. ನೀರು ನುಂಗಿದ ಮಕ್ಕಳಿಗೆ ಹೊಟ್ಟೆ ತೊಳಸಿ ವಾಂತಿಯಾಗಬಹುದು. ಅಂದಾಜಿನ ಮದ್ದು ದೊಡ್ಡವರನ್ನೂ ಬಿಟ್ಟಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ಒಂದೇ ರಾತ್ರಿಯಲ್ಲಿ ಹಸಿರಾಗಿ ಲೋಕವೆಲ್ಲ ನಕ್ಕಿತು. ಕ್ಲೋರಿನ್ ಇದ್ದ ನೀರಿಗೆ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಎರಡೂ ಕ್ರಿಮಿನಾಶಕಗಳೇ, ಆದರೆ ಒಂದು ಇನ್ನೊಂದನ್ನು ನಿಷ್ಫಲಗೊಳಿಸಿತು.

ಬೆರೆಸಬೇಡಿ

ಎರಡು ವರ್ಷದ ಹಿಂದೆ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರನನ್ನು ನನ್ನಲ್ಲಿಗೆ ಎತ್ತಿಕೊಂಡು ಬಂದಿದ್ದರು. ಒಂದೇ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಹಾಕಿ ಕೆಲಸ ಬೇಗ ಮುಗಿಸಲು ಹೊರಟಿದ್ದ. ಎದ್ದದ್ದು ಕ್ಲೋರಿನ್ ಅನಿಲ. ಪಂಪಿನ ಕೋಣೆ ನೆಲಮಾಳಿಗೆಯಲ್ಲಿತ್ತು. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಆತ ಬದುಕಿದ. ಆದರೆ ಮೂರು ತಿಂಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ.

ಪುಡಿ ಕ್ಲೋರಿನ್ನನ್ನೂ ಬಿಲ್ಲೆ ಕ್ಲೋರಿನ್ನನ್ನೂ ಕೂಡ ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಬೆರೆಸಬಾರದು. ಹೆಸರು ಒಂದೇ ಆದರೂ ಗುಣ ಬೇರೆ. ಒದ್ದೆಯಾದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಯಾವಾಗಲೂ ನೀರಿಗೆ ರಾಸಾಯನಿಕ ಹಾಕಬೇಕೇ ಹೊರತು ರಾಸಾಯನಿಕದ ಮೇಲೆ ನೀರು ಹುಯ್ಯಬಾರದು. ಅನಿಲ ಕುಡಿದವರನ್ನು ಕೂಡಲೇ ಬಯಲಿಗೆ, ಎತ್ತರದ ಜಾಗಕ್ಕೆ ಕರೆತನ್ನಿ. ಕಣ್ಣನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕೆಮ್ಮು ನಿಂತಿತೆಂದು ಮನೆಯಲ್ಲೇ ಉಳಿಯಬೇಡಿ. ಶ್ವಾಸಕೋಶದ ಊತ ಗಂಟೆಗಳ ನಂತರವೂ ಬರಬಹುದು.

ನೀರಿನಿಂದ ಬರುವ ಕಾಯಿಲೆಗಳು

ಈಜಿದ ಮೇಲೆ ಎರಡೂ ಕಣ್ಣು ಕೆಂಪಾಗಿ ಕೆಲವು ಗಂಟೆಗಳಲ್ಲಿ ತಿಳಿಯಾದರೆ ಅದು ರಾಸಾಯನಿಕದ ಉರಿ. ಶುದ್ಧ ನೀರಿನಲ್ಲಿ ತೊಳೆದರೆ ಸಾಕು. ಮರುದಿನ ಪಿಸರು ಕಟ್ಟಿದರೆ ಸೋಂಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಈಜುವವರಿಗೆ ಕಣ್ಣಿನ ಪಾರದರ್ಶಕ ಪಟಲವನ್ನೇ ಹುಣ್ಣು ಮಾಡುವ ಒಂದು ಅಮೀಬಾ ತಗಲುವ ಸಂಭವವಿದೆ. ಅಂಥವರು ಲೆನ್ಸ್ ತೆಗೆದೇ ಇಳಿಯಬೇಕು.

ಕಿವಿಯ ಹಾಲೆಯನ್ನು ಎಳೆದರೆ ನೋಯುವ ಕಿವಿನೋವು ಈಜುಗಾರರ ಕಿವಿ. ಹೊರಗಿವಿಯ ಕೊಳವೆಯಲ್ಲಿ ನೀರು ನಿಂತು ಚರ್ಮ ಮೆತ್ತಗಾಗಿ ಬರುವ ಸೋಂಕು. ಇದಕ್ಕೆ ಬಿಸಿ ಎಣ್ಣೆ ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ದಯವಿಟ್ಟು ಬೇಡ, ಹತ್ತಿ ಸುತ್ತಿದ ಕಡ್ಡಿಯೂ ಬೇಡ. ತಲೆ ಓರೆ ಮಾಡಿ ನೀರು ಇಳಿಸಿ ಟವೆಲಿನ ಅಂಚಿನಿಂದ ಒರೆಸಿದರೆ ಸಾಕು.

ಕ್ಲೋರಿನ್ ಎಲ್ಲವನ್ನೂ ಕೂಡಲೇ ಕೊಲ್ಲುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. 1 ಪಿಪಿಎಂ ಕ್ಲೋರಿನ್ ಇರುವ ಒಳ್ಳೆಯ ನೀರಿನಲ್ಲಿ ಇ. ಕೊಲೈ ರೋಗಾಣು ಒಂದು ನಿಮಿಷದೊಳಗೆ ಸಾಯುತ್ತದೆ. ಜಿಯಾರ್ಡಿಯಾಕ್ಕೆ 45 ನಿಮಿಷ ಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿಯ ಪರೋಪಜೀವಿ ಅದೇ ನೀರಿನಲ್ಲಿ ಹತ್ತು ದಿನ ಬದುಕಿರುತ್ತದೆ. ಆದ್ದರಿಂದ ಭೇದಿಯಾಗುತ್ತಿರುವ ಮಗುವನ್ನು ಎಷ್ಟು ಹಟ ಮಾಡಿದರೂ ಕೊಳಕ್ಕೆ ಇಳಿಸಬಾರದು.

ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳಿಗೆ ತಗಲುವ ಅಮೀಬಾದ ಸುದ್ದಿ ಓದಿ ಹಲವರು ಗಾಬರಿಯಿಂದ ಪ್ರಶ್ನಿಸಿದ್ದಾರೆ. ಈ ಗುಂಪಿನಲ್ಲಿ ಹೆಚ್ಚು ಹೆಸರು ಕೇಳಿಬರುವ ನೇಗ್ಲೇರಿಯಾ ಬೆಚ್ಚನೆಯ ಸಿಹಿನೀರಿನಲ್ಲಿ ಇರುತ್ತದೆ, ಮೂಗಿನ ಮೂಲಕ ಒಳಹೊಕ್ಕರೆ ಅಪಾಯ, ಕುಡಿದರೆ ಬರುವುದಿಲ್ಲ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಅದು ಉಳಿಯುವುದಿಲ್ಲ. ಕ್ಲೋರಿನ್ ಇಲ್ಲದ, ಬಿಸಿಲಿಗೆ ಕಾದ ನಿಂತ ನೀರು ಬೇರೆ ಮಾತು.

ಮುಳುಗಿದವರಿಗೆ

2011ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಒಬ್ಬ ಮಹಿಳೆ ಮುಳುಗಿ ಸತ್ತರು. ಶವ ಸಿಕ್ಕಿದ್ದು ಎರಡು ದಿನಗಳ ನಂತರ. ಆ ಎರಡು ದಿನವೂ ಕೊಳ ತೆರೆದಿತ್ತು, ಜನ ಈಜಿದರು, ಜೀವರಕ್ಷಕರು ಕಾವಲಿದ್ದರು. ನೀರು ಅಷ್ಟು ಮಸುಕಾಗಿತ್ತು. ತೋಟದ ಮನೆಯ ತಾಯಿಗೆ ನಾನು ಇದನ್ನು ಹೇಳಲಿಲ್ಲ; ಅಜ್ಜನಿಗೆ ಹೇಳಿದೆ.

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಗತಿ ಇರುವುದಿಲ್ಲ, ಕೂಗುವುದೆಲ್ಲಿಂದ? ಮೇಲೆ ತೆಗೆದ ಮಗು ಉಸಿರಾಡದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಮಾಡಬೇಡಿ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಮೊದಲು ಎರಡು ಸಲ ಬಾಯಿಯಿಂದ ಉಸಿರು ಊದಿ. ನಂತರ ಎದೆಯ ನಡುವೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ನೀವು ನಿಲ್ಲಿಸಬೇಡಿ.

ಮುಳುಗಿದವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಎಂಬ ಸುಳ್ಳು ಮೊಬೈಲುಗಳಲ್ಲಿ ಹರಿದಾಡಿದೆ. ಅದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಅವರನ್ನು ಮೂರ್ಖರೆನ್ನಲು ನನಗೆ ಬಾಯಿ ಬಾರದು. ಮೊದಲ ನಾಲ್ಕು ನಿಮಿಷದಲ್ಲಿ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲೆ ಬಂದ ಮಗು ಅತ್ತು ಚೇತರಿಸಿಕೊಂಡರೂ ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಮಂಪರು ಬಂದರೆ, ವಾಂತಿಯಾದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಆರರಿಂದ ಎಂಟು ಗಂಟೆ ನೋಡಿಕೊಳ್ಳುತ್ತಾರೆ.

ಅಜ್ಜ ಈಗ ಕೊಳದ ಅತಿ ಆಳದ ಜಾಗದಲ್ಲಿ ಅಂಗೈ ಅಗಲದ ಒಂದು ಕಪ್ಪು ಕಡಪಾ ಕಲ್ಲಿನ ಬಿಲ್ಲೆ ಇಟ್ಟಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದು ದಡದಲ್ಲಿ ನಿಂತು ನೋಡುತ್ತಾರೆ. ಬಿಲ್ಲೆಯ ಅಂಚು ಸ್ಪಷ್ಟವಾಗಿ ಕಂಡರೆ ಬೇಲಿಯ ಬಾಗಿಲು ತೆರೆಯುತ್ತಾರೆ. ಇಲ್ಲದಿದ್ದರೆ ಬೀಗ, ಬೀಗದ ಕೈ ಅವರ ಜನಿವಾರದಲ್ಲಿ. ಕಳೆದ ತಿಂಗಳು ಎರಡು ದಿನ ಬೀಗ ಬಿದ್ದಿತ್ತಂತೆ, ಮೊಮ್ಮಕ್ಕಳು ಮಾತು ಬಿಟ್ಟಿದ್ದರಂತೆ.